ಸುಳ್ಳು ತೂಕ

ಆ ಮನೆಯಲ್ಲಿ ಬೆಳಗಾಗುತ್ತಿದ್ದುದು ಬಚ್ಚಲುಮನೆಯ ತೂಕದ ಯಂತ್ರ ಟಕ್ ಅಂದಾಗ. ಟಕ್ ಅಂದ ಮೇಲೆ ಬಾಗಿಲು ಮೆಲ್ಲಗೆ ತೆರೆದುಕೊಂಡರೆ ಮಗಳು ಅರ್ಧ ಲೋಟ ಹಾಲು ಕುಡಿಯುತ್ತಾಳೆ ಎಂದು ಅರ್ಥ. ದಡಾರನೆ ತೆರೆದರೆ ಅವತ್ತಿಡೀ ಬರೀ ನೀರು. ಹಾಗಾಗಿ ಒಲೆಯ ಮುಂದಿನ ಅಜ್ಜಿ, ಕೆಲಸಕ್ಕೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದ ಅಮ್ಮ, ಮುಂದಿನ ಕೋಣೆಯ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತ ಅಪ್ಪ, ಮೂವರೂ ಮಾತು ನಿಲ್ಲಿಸಿ ಆ ಬಾಗಿಲಿಗೇ ಕಿವಿ ಕೊಡುತ್ತಿದ್ದರು.

ಅವತ್ತು ಬಾಗಿಲು ದಡಾರೆಂದಿತು.

“ಹೋಯ್ತು,” ಎಂದಳು ಅಜ್ಜಿ, ಹಾಲಿನ ಲೋಟಕ್ಕೆ ತಟ್ಟೆ ಮುಚ್ಚುತ್ತಾ. “ಇವತ್ತೂ ಉಪವಾಸ.”

“ನಾನು ಕಾಲೇಜಲ್ಲಿ ತಿಂತೀನಿ,” ಎಂದಳು ಮಗಳು ಚಪ್ಪಲಿ ಹುಡುಕುತ್ತಾ.

“ಏನ್ ತಿಂತೀಯ? ಗಾಳಿನಾ?”

“ಅಜ್ಜೀ, ಬೆಳಿಗ್ಗೆ ಬೆಳಿಗ್ಗೆ ಶುರು ಮಾಡ್ಬೇಡ.”

“ನಾನೆಲ್ಲೇ ಶುರು ಮಾಡ್ದೆ? ಶುರು ಮಾಡಿದ್ದು ಆ ಬಚ್ಚಲುಮನೆ ಪೀಡೆ. ಮನುಷ್ಯರು ಹಸಿವಾದ್ರೆ ತಿಂತಾರೆ, ಹೊಟ್ಟೆ ತುಂಬಿದ್ರೆ ಏಳ್ತಾರೆ. ಈ ಮನೇಲಿ ಮಾತ್ರ ಒಂದು ತಗಡಿನ ಡಬ್ಬಿ ಅಪ್ಪಣೆ ಕೊಡ್ಬೇಕು!”

ಅಮ್ಮ ನಡುವೆ ಬಂದು ಎರಡು ತುಂಡು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಮಗಳ ಚೀಲಕ್ಕೆ ತುರುಕಿದಳು. ಮಗಳು ತಡೆಯಲಿಲ್ಲ. ಸಂಜೆ ಅದೇ ಬ್ರೆಡ್ಡು ಬೀದಿ ತುದಿಯ ನಾಯಿಯ ಬಾಯಲ್ಲಿತ್ತು. ಕಾಗದದ ಗುರುತು ಹಿಡಿದ ಅಮ್ಮ ಅಲ್ಲೇ ನಿಂತುಬಿಟ್ಟಳು. ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡಿ ಬಂದ ಕಾಲು, ಆದರೂ ಮನೆಯೊಳಗೆ ಹೋಗಲು ಮನಸ್ಸಾಗಲಿಲ್ಲ.

ಅಪ್ಪನನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ತಕ್ಕಡಿ ಮೇಸ್ತ್ರಿ ಎಂದು. ಒಂದು ಕಡೆ ವಾಲಿದ ತಕ್ಕಡಿ, ತುಕ್ಕು ಹಿಡಿದ ಸ್ಪ್ರಿಂಗು, ಸೊನ್ನೆಗೆ ಬಾರದ ಮುಳ್ಳು, ಏನಿದ್ದರೂ ಅವನ ಮುಂದಿನ ಕೋಣೆಗೆ ಬರುತ್ತಿತ್ತು. ಗೋಡೆಗೆ ಒತ್ತಿ ಗೋಣಿಚೀಲ ತೂಗುವ ದೊಡ್ಡ ಯಂತ್ರ, ಕಪಾಟಿನಲ್ಲಿ ಸಾಲಾಗಿ ತೂಕದ ಕಲ್ಲುಗಳು. ಹೆಸರಿಗೆ ಕಲ್ಲು, ಇರುವುದೆಲ್ಲ ಕಬ್ಬಿಣ. ರಿಪೇರಿ ಮುಗಿದ ಯಂತ್ರದ ಸ್ಕ್ರೂ ಮೇಲೆ ಅವನು ಕೆಂಪು ಅರಗು ಕರಗಿಸಿ ಒಂದು ತೊಟ್ಟು ಬಿಡುತ್ತಿದ್ದ. ಅರಗು ಒಡೆಯದೆ ಆ ಸ್ಕ್ರೂ ತಿರುಗಿಸುವ ಹಾಗಿಲ್ಲ. ಮೇಸ್ತ್ರಿಯ ಅರಗು ಇದೆಯೆಂದರೆ ತೂಕ ನೆಟ್ಟಗಿದೆ ಎಂದು ಬೀದಿಯವರು ನಂಬುತ್ತಿದ್ದರು.

ಪಕ್ಕದ ತರಕಾರಿ ಅಂಗಡಿಯವನು ಒಮ್ಮೆ ಹಲ್ಲು ಕಿರಿಯುತ್ತಾ ಬಂದಿದ್ದ. “ಮೇಸ್ತ್ರಿ, ಮುಳ್ಳು ಸೊನ್ನೇಲೇ ನಿಂತಿರ್ಲಿ. ಮೇಲೆ ಭಾರ ಬಿದ್ದಾಗ ಮಾತ್ರ ಒಂಚೂರು ಜಾಸ್ತಿ ತೋರಿಸ್ಲಿ. ಯಾರಿಗೆ ಗೊತ್ತಾಗತ್ತೆ?”

“ನನ್ನ ಕೈ ಬಿದ್ದೋದ್ರೂ ಸುಳ್ಳು ತೂಕ ಇಡಲ್ಲ ಕಣಯ್ಯ. ಎದ್ದು ನಡಿ.”

“ತಮಾಷೆಗಂದೆ ಮಾರಾಯ.”

“ತಮಾಷೆಗೂ ಇಡಲ್ಲ.”

ಮೇಸ್ತ್ರಿಯ ಕೈಗೆ ಇನ್ನೊಂದು ವಿದ್ಯೆಯಿತ್ತು. ಕುಂಬಳಕಾಯಿಯೋ ಸಕ್ಕರೆ ಮೂಟೆಯೋ, ಒಂದು ಸಲ ಎತ್ತಿ ಇಳಿಸಿದರೆ ಸಾಕು, ಇಷ್ಟೇ ಅಂತ ಹೇಳಿಬಿಡುತ್ತಿದ್ದ. ಯಂತ್ರದ ಮೇಲಿಟ್ಟು ನೋಡಿದರೆ ಮುಳ್ಳು ಅಲ್ಲೇ ನಿಂತಿರುತ್ತಿತ್ತು. ಜನ ಪಂದ್ಯ ಕಟ್ಟಿ ಸೋತು ಟೀ ಕುಡಿಸಿ ಹೋಗುತ್ತಿದ್ದರು. ಮಗಳ ಹುಟ್ಟಿದಹಬ್ಬಕ್ಕಂತೂ ಅದೇ ದೊಡ್ಡ ಆಟ. ಅಂಗಡಿಯ ಮಧ್ಯೆ ಅವಳನ್ನು ಎರಡೂ ಕೈಯಿಂದ ಎತ್ತಿ, ಬೀದಿಗೆಲ್ಲ ಕೇಳುವ ಹಾಗೆ, “ನಮ್ಮ ಗುಂಡು ಈ ವರ್ಷ ಇಷ್ಟಪ್ಪೋ!” ಎಂದು ಕೂಗುತ್ತಿದ್ದ. ಗಿರಾಕಿಗಳು ಚಪ್ಪಾಳೆ ತಟ್ಟುತ್ತಿದ್ದರು. “ಮೇಸ್ತ್ರಿ ಮನೆ ಅನ್ನ ಮೈಗೆ ಹತ್ತಿದೆ ಬಿಡಿ,” ಎಂದು ತರಕಾರಿಯವನು ನಗುತ್ತಿದ್ದ. ಹುಡುಗಿಯೂ ನಗುತ್ತಿದ್ದಳು. ಹನ್ನೆರಡನೇ ಹುಟ್ಟಿದಹಬ್ಬದ ದಿನ ಮಾತ್ರ ಅವಳು ಅಪ್ಪನ ಕೈಯಿಂದ ಜಾರಿ ಇಳಿದು, ಒಳಗೆ ಓಡಿ, ಕೋಣೆಯ ಚಿಲಕ ಹಾಕಿಕೊಂಡು ಅತ್ತಳು. ಅಂದಿನಿಂದ ಮೇಸ್ತ್ರಿ ಮಗಳನ್ನು ಎತ್ತಲಿಲ್ಲ. ಎತ್ತುವುದಿಲ್ಲ ಅಂತ ಅವಳ ತಲೆ ಮುಟ್ಟಿ ಮಾತು ಕೊಟ್ಟಿದ್ದ. ಗುಂಡು ಅನ್ನುವ ಹೆಸರು ಮಾತ್ರ ಬಾಯಿಂದ ಹೋಗಲಿಲ್ಲ. ಹಾಳು ನಾಲಿಗೆ, ಪ್ರೀತಿಯ ಹೆಸರು ಅಂದುಕೊಂಡು ಕರೆದದ್ದೇ ಕರೆದದ್ದು.

ಈಗ ಅವಳಿಗೆ ಹದಿನೇಳು. ಕಾಲೇಜಿನ ನೃತ್ಯಕ್ಕೆ ಎಲ್ಲ ಹುಡುಗಿಯರಿಗೂ ಒಂದೇ ತರದ ಉಡುಪು ಬಾಡಿಗೆಗೆ ತರುವಾಗ, ಬಾಡಿಗೆ ಅಂಗಡಿಯವಳು ಇವಳನ್ನು ಮೇಲಿಂದ ಕೆಳಗೆ ನೋಡಿ, “ಇವಳಿಗೆ ಬೇರೆ ಹುಡುಕ್ಬೇಕಾಗತ್ತೆ,” ಎಂದಳಂತೆ. ಹುಡುಗಿಯರು ಕಿಸಕ್ಕೆಂದರಂತೆ. ಅಷ್ಟೇ ಆಗಿದ್ದು. ಅದಾದ ಮೇಲೆ ಮೊದಲು ಸಿಹಿ ಬಿಟ್ಟಳು, ಆಮೇಲೆ ರಾತ್ರಿಯ ಅನ್ನ ಬಿಟ್ಟಳು, ಆಮೇಲೆ ಒಂದೊಂದಾಗಿ ಎಲ್ಲ ಬಿಟ್ಟಳು. ಮೊದಮೊದಲು ಎಲ್ಲರೂ ಹೊಗಳಿದರು. ಅಮ್ಮನ ಲಾಂಡ್ರಿಯ ಜೊತೆಗಾತಿಯರು, “ನಿನ್ನ ಮಗಳು ಎಷ್ಟು ಚೆನ್ನಾಗಿ ಕಾಣ್ತಾಳೇ!” ಎಂದಾಗ ಅಮ್ಮನೂ ಹಿಗ್ಗಿದ್ದಳು. ಮೊಬೈಲಿನಲ್ಲಿ ಕಡ್ಡಿಯಂಥ ಹುಡುಗಿಯರು ಸೊಂಟ ತೋರಿಸುವುದನ್ನು ಮಗಳು ಊಟದ ಹೊತ್ತಿನಲ್ಲೇ ನೋಡುತ್ತಾ ಕೂರುತ್ತಿದ್ದಳು. ನೃತ್ಯ ಮುಗಿದು ಎಷ್ಟೋ ದಿನವಾದರೂ ತಟ್ಟೆಗೆ ಅನ್ನ ಮಾತ್ರ ವಾಪಸು ಬರಲಿಲ್ಲ.

ಒಂದು ಮಧ್ಯಾಹ್ನ, ರಜೆಯ ದಿನ, ನಾಲ್ವರೂ ಊಟಕ್ಕೆ ಕೂತಿದ್ದರು. ಮಗಳು ಬೇಯಿಸಿದ ಆಲೂಗಡ್ಡೆಯನ್ನು ಚಮಚದಲ್ಲಿ ಕತ್ತರಿಸಿ, ಮತ್ತೆ ಕತ್ತರಿಸಿ, ತಟ್ಟೆಯ ಸುತ್ತ ಮೆರವಣಿಗೆ ಮಾಡಿಸುತ್ತಿದ್ದಳು.

“ಅದು ತಿನ್ನೋ ಪದಾರ್ಥ ಕಣೆ, ಆಟದ ಸಾಮಾನಲ್ಲ,” ಎಂದಳು ಅಜ್ಜಿ.

“ತಿಂತಿದೀನಲ್ಲ.”

“ಎಲ್ಲಿ, ಬಾಯಿ ಅಲ್ಲಾಡ್ತಿಲ್ವಲ್ಲ!”

“ಅತ್ತೆ, ಸುಮ್ನಿರಿ, ಬೈದ್ರೆ ಅದೂ ತಿನ್ನಲ್ಲ,” ಎಂದಳು ಅಮ್ಮ.

“ಬೈದ್ರೆ ತಿನ್ನಲ್ಲ, ಬೈಯ್ದೇ ಇದ್ರೂ ತಿನ್ನಲ್ಲ. ಹಾಗಾದ್ರೆ ಬೈದೇ ಬಿಡೋಣ, ನನ್ನ ಹೊಟ್ಟೆ ಉರಿಯಾದ್ರೂ ತಣ್ಣಗಾಗತ್ತೆ.”

“ನಾನು ದಪ್ಪ ಇದ್ದಾಗ ನೀವೇ ಅಲ್ವಾ ನಗ್ತಿದ್ದಿದ್ದು?” ಮಗಳ ದನಿ ಒಮ್ಮೆಲೇ ಏರಿತು. “ಬೀದಿಯೋರನ್ನೆಲ್ಲ ಕರೆದು ತೂಕ ಹೇಳ್ತಿದ್ರಲ್ಲ?”

ಮೇಸ್ತ್ರಿಯ ತುತ್ತು ಬಾಯಲ್ಲೇ ಉಳಿಯಿತು. “ಅದು ಪ್ರೀತಿಗೆ ಕಣೋ ಗುಂಡೂ.”

“ಗೊತ್ತು,” ಎಂದಳು ಅವಳು. ತಟ್ಟೆ ಎತ್ತಿಕೊಂಡು ಹೋಗಿ ತೊಟ್ಟಿಗೆ ಸುರಿದಳು. ನಲ್ಲಿ ನೀರಿಗೆ ಒಡ್ಡಿದ ಅವಳ ಮಣಿಕಟ್ಟು ಎಳೆ ಸೌತೆಕಾಯಿಯಷ್ಟೇ ಇತ್ತು. ಮೇಸ್ತ್ರಿ ನೋಡಿದ. ಅವತ್ತು ಅವನಿಗೆ ಮೊದಲ ಸಲ ಹೆದರಿಕೆಯಾಯಿತು. ಮಕ್ಕಳಿಗೆ ಜ್ವರ ಬಂದಾಗ ಆಗುವ ಹೆದರಿಕೆಯಲ್ಲ. ಮನೆಯೊಳಗೆ ಯಾರೋ ಕಾಣದವರು ಬಂದು ಕೂತಿದ್ದಾರೆ ಅನ್ನಿಸುವ ಹೆದರಿಕೆ.

ಮಾರನೇ ದಿನ ಮಗಳು ಕಾಲೇಜಿಗೆ ಹೋದ ಮೇಲೆ ಅವನು ಬಚ್ಚಲುಮನೆಯ ಯಂತ್ರವನ್ನು ಅಂಗಡಿಗೆ ತಂದು ಬೋರಲು ಹಾಕಿದ. ಸ್ಪ್ರಿಂಗು ಸಿಕ್ಕಿಸಿದ ಸ್ಕ್ರೂ ಅನ್ನು ಒಂಚೂರು ಸರಿಸಿದ. ಮುಳ್ಳು ಸೊನ್ನೆಯಲ್ಲೇ ನಿಂತಿತು. ಮೇಲೆ ತೂಕದ ಕಲ್ಲು ಇಟ್ಟು ನೋಡಿದ: ಇರುವುದಕ್ಕಿಂತ ಕಡಿಮೆ ತೋರಿಸಿತು. ಕಡಿಮೆ ಕಂಡರೆ ಖುಷಿಯಾಗುತ್ತಾಳೆ, ಖುಷಿಯಾದರೆ ತಿನ್ನುತ್ತಾಳೆ, ತಿಂದು ನಿಜವಾಗಿ ಏರಿದರೂ ಮುಳ್ಳು ಹೇಳುವುದಿಲ್ಲ. ಬಡಪಾಯಿಯ ಲೆಕ್ಕ ಅಷ್ಟೇ. ಊರಿಗೆಲ್ಲ ಸುಳ್ಳು ತೂಕ ಇಡುವುದಿಲ್ಲ ಎಂದವನು ಹೆತ್ತ ಮಗಳಿಗೆ ಇಟ್ಟ. ಅರಗಿನ ತೊಟ್ಟು ಬಿಡುವಾಗ ಅವನ ಬೆರಳು ಸುಟ್ಟಿತು.

ಮರುದಿನ ಟಕ್ ಅಂದಿತು. ಬಾಗಿಲು ಮೆಲ್ಲಗೆ ತೆರೆಯಿತು. ಮಗಳು ನಗುನಗುತ್ತಾ ಬಂದು ಹಾಲು ಕುಡಿದಳು, ಮೇಲೆ ಒಂದು ಬೇಯಿಸಿದ ಮೊಟ್ಟೆಯನ್ನೂ ತಿಂದಳು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ನನ್ನ ಬಂಗಾರ, ಇನ್ನೊಂದು ಹಾಕ್ಲಾ?” ಎಂದಳು. ಅಮ್ಮ ಗಂಡನ ಮುಖ ನೋಡಿದಳು. ಮೇಸ್ತ್ರಿ ಏನೂ ಗೊತ್ತಿಲ್ಲದವನ ಹಾಗೆ ಸ್ಪ್ರಿಂಗು ಉಜ್ಜುತ್ತಾ ಕೂತಿದ್ದ. ಒಳಗೊಳಗೆ ಮಾತ್ರ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ.

ಆ ಖುಷಿ ವಾರ ಬಾಳಲಿಲ್ಲ.

“ಮೊಟ್ಟೆ ಬೇಡ,” ಎಂದಳು ಮಗಳು.

“ಯಾಕಮ್ಮಾ? ಚೆನ್ನಾಗೇ ಇಳಿದಿದೀಯಲ್ಲ?” ಎಂದ ಮೇಸ್ತ್ರಿ.

“ಹೌದಪ್ಪಾ, ಅದಕ್ಕೇ. ಈಗ ಬಿಡ್ಬಾರ್ದು. ಇನ್ನೊಂಚೂರು ಅಷ್ಟೇ.”

ಆ ಇನ್ನೊಂಚೂರಿಗೆ ಕೊನೆಯೇ ಇರಲಿಲ್ಲ. ಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡು ಓಡಾಡಿದಳು. ಮೆಟ್ಟಿಲು ಹತ್ತುವಾಗ ನಡುವೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಕೊನೆಗೆ ಒಂದು ಮಧ್ಯಾಹ್ನ ಕಾಲೇಜಿನಿಂದ ಫೋನ್ ಬಂತು, ನಿಮ್ಮ ಹುಡುಗಿ ತಲೆಸುತ್ತಿ ಬಿದ್ದಿದ್ದಾಳೆ ಎಂದು. ಅಮ್ಮ ಇಸ್ತ್ರಿ ಪೆಟ್ಟಿಗೆ ಹಾಗೇ ಬಿಟ್ಟು ಓಡಿದಳು. ಯಾರದೋ ಬಿಳಿ ಅಂಗಿ ಸುಟ್ಟಿತು, ಅದಕ್ಕೆ ಸಂಬಳದಲ್ಲಿ ಮುರಿದುಕೊಂಡರು.

ಡಾಕ್ಟರಮ್ಮ ಗಡಿಯಾರ ನೋಡುತ್ತಾ ನಾಡಿ ಎಣಿಸಿದಳು. ಆಮೇಲೆ ಹುಡುಗಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಮುಳ್ಳು ನೋಡಿ ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. ಅದೇ ಮುಳ್ಳು ನೋಡಿ ಮಗಳ ಮುಖ ಬಿಳಿಚಿಕೊಂಡಿತು.

“ಇದು ತಪ್ಪು ತೋರಿಸ್ತಿದೆ,” ಎಂದಳು ಮಗಳು. “ನಮ್ಮನೇಲಿ ಇಷ್ಟಿಲ್ಲ. ನಮ್ಮನೇಲಿ ಇದಕ್ಕಿಂತ ಕಡಿಮೆ.”

“ಇದೇ ತೀರಾ ಕಡಿಮೆಯಮ್ಮಾ,” ಎಂದಳು ಡಾಕ್ಟರಮ್ಮ. “ನಿನ್ನ ಹೃದಯ ಎಷ್ಟು ನಿಧಾನ ಹೊಡ್ಕೋತಿದೆ ಗೊತ್ತಾ? ಊಟ ಸಿಗದ ದೇಹ ತನ್ನನ್ನೇ ತಾನು ತಿನ್ನತ್ತೆ. ಇದು ಹಟ ಅಲ್ಲ, ಕಾಯಿಲೆ. ಇದರಿಂದ ಜೀವ ಹೋಗತ್ತೆ.”

ಮಗಳಿಗೆ ಅದೊಂದೂ ಕೇಳಿಸಲಿಲ್ಲ. “ಇಷ್ಟೊಂದು ಇದೀನಾ? ಅಮ್ಮಾ, ನಾನು ಇಷ್ಟೊಂದು ಇದೀನಾ?” ಎಂದು ತೋಳು ಉಜ್ಜಿಕೊಳ್ಳುತ್ತಾ ಅಳತೊಡಗಿದಳು. ಅಮ್ಮ ಗಂಡನ ಕಡೆ ತಿರುಗಿದಳು. ಮೇಸ್ತ್ರಿ ನೆಲ ನೋಡುತ್ತಿದ್ದ.

“ರೀ, ಏನ್ ಮಾಡಿದೀರಿ?”

“ಕಡಿಮೆ ತೋರ್ಸಿದ್ರೆ ತಿಂತಾಳೆ ಅಂತ...” ಎಂದ ಮೇಸ್ತ್ರಿ.

“ನೀನೂನಾ ಅಪ್ಪಾ?” ಎಂದಳು ಮಗಳು.

ಆಸ್ಪತ್ರೆಗೆ ಸೇರಿಸಿಬಿಡಿ ಎಂದು ಡಾಕ್ಟರಮ್ಮ ಹೇಳಿದಳು. ಮಗಳು ಮೇಜಿನ ಕಾಲು ಹಿಡಿದುಕೊಂಡು ಹೋಗುವುದಿಲ್ಲವೆಂದು ಗೋಗರೆದಳು. ಇನ್ನು ತಿನ್ನುತ್ತೇನೆ, ಆಣೆಗೂ ತಿನ್ನುತ್ತೇನೆ ಎಂದಳು. ಮನಸ್ಸಿನ ಡಾಕ್ಟರರನ್ನು ನೋಡಲು ಸರತಿ ಬರುವುದು ಮುಂದಿನ ತಿಂಗಳು. ಅಲ್ಲಿಯವರೆಗೆ ವಾರಕ್ಕೊಮ್ಮೆ ಇಲ್ಲೇ ಬಂದು ತೂಕ ತೋರಿಸಲೇಬೇಕು, ಇಳಿದರೆ ಅವತ್ತೇ ಆಸ್ಪತ್ರೆಗೆ, ಎಂದು ಡಾಕ್ಟರಮ್ಮ ಕಟ್ಟುನಿಟ್ಟು ಮಾಡಿದಳು.

“ಇಲ್ಲಿ ಬೇಡ,” ಎಂದಳು ಮಗಳು. “ಇಲ್ಲಿ ಎಲ್ಲರೂ ನೋಡ್ತಾರೆ. ಅಪ್ಪ ಮನೇಲಿ ಯಂತ್ರ ಸರಿ ಮಾಡ್ಲಿ, ಅದ್ರಲ್ಲೇ ನಿಲ್ತೀನಿ.”

ತಪ್ಪು ಮಾಡಿದವನಿಗೆ ಅದನ್ನು ತಿದ್ದುವ ಆತುರ ಹೆಚ್ಚು. “ನಾನು ತಕ್ಕಡಿ ಮೇಸ್ತ್ರಿ ಡಾಕ್ಟ್ರೇ,” ಎಂದ ಅವನು ಎದೆ ಮುಟ್ಟಿಕೊಂಡು. “ಊರಿನ ತೂಕಕ್ಕೆಲ್ಲ ನಾನೇ ಅರಗು ಹಾಕೋದು. ನಮ್ಮನೇಲೇ ತೂಗಿ ನಿಮಗೆ ಫೋನ್ ಮಾಡ್ತೀನಿ. ಒಂದು ಕೂದಲೆಳೆ ತಪ್ಪಲ್ಲ.”

ಡಾಕ್ಟರಮ್ಮ ಬೇಡವೆಂದೇ ಹೇಳಿದಳು. ಇವನು ಬಿಡಲಿಲ್ಲ. ಹುಡುಗಿಯ ಅಳು ನೋಡಿ ಅರೆಮನಸ್ಸಿನಿಂದ ಒಪ್ಪಿದಳು.

ಅವತ್ತು ಸಂಜೆಯೇ ಮೇಸ್ತ್ರಿ ಯಂತ್ರವನ್ನು ಅಂಗಡಿಯಲ್ಲಿ ಬೋರಲು ಹಾಕಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ಚಿಕ್ಕಂದಿನಲ್ಲಿ ಅವಳು ಹಾಗೇ ಕೂತು ಸ್ಕ್ರೂಡ್ರೈವರ್ ಎತ್ತಿಕೊಡುತ್ತಿದ್ದಳು. “ನೋಡು, ಇಲ್ಲೇ ನಾನು ಸರಿಸಿದ್ದು. ಈಗ ನಿನ್ನೆದುರಿಗೇ ಸರಿ ಮಾಡ್ತೀನಿ. ಈ ಕಡೆ ತಿರುಗಿಸಿದ್ರೆ ಕಡಿಮೆ, ಆ ಕಡೆ ತಿರುಗಿಸಿದ್ರೆ ಜಾಸ್ತಿ.” ಕಲ್ಲುಗಳನ್ನು ಒಂದೊಂದಾಗಿ ಇಟ್ಟು ತೋರಿಸಿದ. ಕಲ್ಲೂ ಮುಳ್ಳೂ ತಾಳೆಯಾದವು. ಅರಗು ಬಿಟ್ಟ. “ಇನ್ನು ಯಾರೂ ಸುಳ್ಳು ಹೇಳಲ್ಲ ಪುಟ್ಟಾ.”

“ಹ್ಞೂಂ,” ಎಂದಳು ಮಗಳು. ಅವಳ ಕಣ್ಣು ಅರಗಿನ ಮೇಲೆಯೇ ಇತ್ತು.

ಮೊದಲ ವಾರ ಮುಳ್ಳು ಇದ್ದಲ್ಲೇ ನಿಂತಿತ್ತು. ಎರಡನೆಯ ವಾರ ಒಂದು ಗೆರೆ ಏರಿತು. ಮನೆಯಲ್ಲಿ ಜೀವ ಬಂದ ಹಾಗಾಯಿತು. ಮೇಸ್ತ್ರಿ ಡಾಕ್ಟರಮ್ಮನಿಗೆ ಫೋನ್ ಮಾಡಿ, ಬೀದಿಗೇ ಕೇಳುವ ಹಾಗೆ, “ಏರಿದೆ ಡಾಕ್ಟ್ರೇ, ಏರಿದೆ!” ಎಂದ. ಮಗಳು ಎಲ್ಲರೆದುರು ಊಟಕ್ಕೆ ಕೂರುತ್ತಿದ್ದಳು. ಅಜ್ಜಿ ಬಡಿಸಿದ್ದಕ್ಕೆ ಬೇಡ ಅನ್ನುತ್ತಿರಲಿಲ್ಲ. ತಿಂದಳೋ, ಕರವಸ್ತ್ರಕ್ಕೆ ಸೇರಿಸಿದಳೋ, ದೃಷ್ಟಿಯಿಟ್ಟು ನೋಡಬಾರದು ಎಂದು ಡಾಕ್ಟರಮ್ಮ ಹೇಳಿದ್ದಾಳೆಂದು ಮಗಳೇ ಹೇಳಿದ್ದಳು. ಹಾಗೆ ಡಾಕ್ಟರಮ್ಮ ಹೇಳಿರಲೇ ಇಲ್ಲ. ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮೂರನೆಯ ವಾರವೂ ಮುಳ್ಳು ಏರಿತು. ಆ ಸಂಜೆ ಅಜ್ಜಿ ಮೊಮ್ಮಗಳ ತಲೆ ಬಾಚಲು ಕೂತಳು. ಬಾಚಣಿಗೆಯ ತುಂಬ ಕೂದಲು ಬಂತು. ಮತ್ತೊಮ್ಮೆ ಎಳೆದರೆ ಮತ್ತಷ್ಟು. ಅಜ್ಜಿ ಬಾಚುವುದು ನಿಲ್ಲಿಸಿ ಅವಳ ಬೆನ್ನಿನ ಮೇಲೆ ಕೈಯಿಟ್ಟಳು. ಸ್ವೆಟರಿನ ಅಡಿಯಲ್ಲಿ ಮೂಳೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

“ಯಾಕಜ್ಜೀ?”

“ಏನಿಲ್ಲ ಕಣೆ. ಕೈ ನೋಯ್ತು.”

ಅಜ್ಜಿ ಸೀದಾ ಅಂಗಡಿಗೆ ಹೋದಳು. “ಲೋ, ನಂಗ್ಯಾಕೋ ಸರಿ ಕಾಣ್ತಿಲ್ಲ. ಮೈ ಮುಟ್ಟಿದ್ರೆ ಐಸು. ತಲೆ ತುಂಬ ಕೂದ್ಲು ಉದುರ್ತಿದೆ.”

“ಸುಧಾರಿಸ್ಕೊಳ್ಳೋವಾಗ ಹಾಗೇ ಅಮ್ಮಾ. ತೂಕ ಏರ್ತಿದೆಯಲ್ಲ.”

“ತೂಕ ಏರಿದ್ರೆ ಮೈಯಲ್ಲಿ ಕಾಣ್ಬೇಡ್ವೇನೋ? ಹಾಕಿದ್ದೆಲ್ಲ ಎಲ್ಲಿಗೆ ಹೋಯ್ತು?”

ಅಮ್ಮನೂ ಅದೇ ಹೊತ್ತಿಗೆ ಕೆಲಸದಿಂದ ಬಂದಳು. ಅವಳ ಕೈಯಲ್ಲಿ ಮಗಳ ಲಂಗವಿತ್ತು, ಒಗೆಯಲೆಂದು ಬೆಳಿಗ್ಗೆ ಲಾಂಡ್ರಿಗೆ ಒಯ್ದದ್ದು. ಸೊಂಟದ ಒಳಭಾಗದಲ್ಲಿ ಪಿನ್ನಿನ ಮೇಲೆ ಪಿನ್ನು ಚುಚ್ಚಿ ಮಡಿಸಿತ್ತು. “ಇದನ್ನ ನೋಡಿ. ದಿನಾ ನೂರು ಜನರ ಬಟ್ಟೆ ನನ್ನ ಕೈ ಮೇಲೆ ಹೋಗತ್ತೆ. ಒಬ್ಬರು ದಪ್ಪಗಾದ್ರೋ ಸಣ್ಣಗಾದ್ರೋ ನಂಗೆ ಗೊತ್ತಾಗಲ್ವಾ? ಹೋದ ವಾರ ಈ ಪಿನ್ನು ಇರ್ಲಿಲ್ಲ ರೀ.”

“ಹಾಗಂದ್ರೆ ಯಂತ್ರ ಸುಳ್ಳು ಹೇಳ್ತಿದೆ ಅಂತೀಯಾ? ಅರಗು ಹಾಗೇ ಇದೆ, ಬೇಕಾದ್ರೆ ನೋಡ್ಕೊ. ನಾನೇ ಹಾಕಿದ್ದು.”

“ಒಂದ್ಸಲ ನೀವೇ ಹಾಕಿದ್ದ ಅರಗು ಏನ್ ಹೇಳ್ತು ಅಂತ ನೋಡಿದೀನಿ ಬಿಡಿ.”

ಮೇಸ್ತ್ರಿಗೆ ಆ ಮಾತು ನಾಟಿತು. “ಎಷ್ಟು ಸಲ ಚುಚ್ತೀಯ? ನನ್ನ ಮಗಳು ಏರ್ತಿದಾಳೆ, ಅದ್ರಲ್ಲಾದ್ರೂ ಎರಡು ದಿನ ಸಂತೋಷವಾಗಿರೋಕೆ ಬಿಡೇ!”

“ನಂಗೆ ಬೇಡ್ವಾ ಸಂತೋಷ? ಊರೋರ ಮೂಟೆಯೆಲ್ಲ ಎತ್ತಿ ಎತ್ತಿ ಹೇಳ್ತೀರಲ್ಲ, ನಿಮ್ಮ ಮಗಳನ್ನ ಒಂದೇ ಒಂದ್ಸಲ ಎತ್ತಿ ನೋಡಿ. ಯಂತ್ರನೂ ಬೇಡ, ಅರಗೂ ಬೇಡ. ನಿಮ್ಮ ಕೈ ಹೇಳಿದ್ದು ನಾನು ನಂಬ್ತೀನಿ.”

“ಮಾತು ಕೊಟ್ಟಿದೀನಿ ಅವಳಿಗೆ. ಬೆಳೆದ ಹುಡುಗಿ. ಮತ್ತೆ ಎತ್ತಿ ಅಳಿಸ್ಲಾ?”

“ಅತ್ರೆ ಅಳ್ಲಿ! ಸತ್ರೆ?”

ಅಜ್ಜಿ ಕಿವಿ ಮುಚ್ಚಿಕೊಂಡಳು. “ಬಿಡ್ತು ಅನ್ನೇ, ಬಿಡ್ತು ಅನ್ನು!”

ಒಳಕೋಣೆಯಲ್ಲಿ ಮೊಬೈಲಿನ ಹಾಡು ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮಗಳು ಬಾಗಿಲಿಗೆ ಬಂದು, ತಣ್ಣಗೆ, “ನಂಗೆ ಹಸಿವಾಗ್ತಿದೆ ಅಜ್ಜೀ, ಏನಾದ್ರೂ ಇದೆಯಾ?” ಎಂದಳು. ಮೇಸ್ತ್ರಿ ಹೆಂಡತಿಯನ್ನು ಗೆದ್ದವನ ಹಾಗೆ ನೋಡಿದ. ಅಜ್ಜಿ ಬಾಳೆಹಣ್ಣು ತಂದುಕೊಟ್ಟಳು. ಮಗಳು ಸಿಪ್ಪೆ ಸುಲಿದು, ಅಪ್ಪನ ಎದುರಿಗೇ ಒಂದು ತುಂಡು ಕಚ್ಚಿ, ಉಳಿದದ್ದನ್ನು ಕೈಯಲ್ಲಿ ಹಿಡಿದು ಒಳಗೆ ಹೋದಳು.

ಮುಂದಿನ ವಾರ ತೂಕದ ದಿನ ಬೆಳಿಗ್ಗೆ ಅಜ್ಜಿ ಒಲೆ ಹೊತ್ತಿಸಿ ಕಾಯುತ್ತಿದ್ದಳು. ಅಮ್ಮ ಜಡೆ ಹಾಕಿಕೊಳ್ಳುತ್ತಿದ್ದಳು. ಮೇಸ್ತ್ರಿ ಸಣ್ಣ ಸ್ಕ್ರೂಡ್ರೈವರ್ ಹುಡುಕುತ್ತಿದ್ದ.

“ಇಲ್ಲೇ ಇಟ್ಟಿದ್ದೆ. ಅರಗಿನ ಕಡ್ಡಿನೂ ಕಾಣ್ತಿಲ್ಲ. ಅಮ್ಮಾ, ನೀನೇನಾದ್ರೂ ಎತ್ತಿಟ್ಯಾ?”

“ನಂಗ್ಯಾಕೋ ನಿನ್ನ ಅರಗು? ಉಪ್ಪಿಗೆ ಬೆರೆಸ್ಲಾ?” ಎಂದಳು ಅಜ್ಜಿ.

ಬಚ್ಚಲುಮನೆಯಲ್ಲಿ ಟಕ್ ಅನ್ನಲಿಲ್ಲ. ಧೊಪ್ ಎಂದಿತು.

ಅಮ್ಮ ಓಡಿ ಬಾಗಿಲು ಬಡಿದಳು. “ಪುಟ್ಟಾ! ಪುಟ್ಟಾ, ಚಿಲಕ ತೆಗಿ!” ಒಳಗೆ ನಲ್ಲಿಯ ನೀರು ಸುರಿಯುತ್ತಿತ್ತು. ಮೇಸ್ತ್ರಿ ಭುಜ ಕೊಟ್ಟು ಗುದ್ದಿದ. ಎರಡನೇ ಗುದ್ದಿಗೆ ಚಿಲಕ ಕಿತ್ತು ಬಂತು.

ಅವಳು ಗೋಡೆಗೆ ತಲೆಯಾನಿಸಿ ಬಿದ್ದಿದ್ದಳು. ಪಕ್ಕದಲ್ಲಿ ಯಂತ್ರ ಬೋರಲು ಬಿದ್ದಿತ್ತು. ಅದರ ಬೆನ್ನಿನ ಮೇಲೆ ಒಡೆದ ಅರಗಿನ ಚೂರು, ಅರ್ಧ ಉರಿದ ಬೆಂಕಿಕಡ್ಡಿ, ಅರಗಿನ ಕಡ್ಡಿ, ಅಪ್ಪನ ಸಣ್ಣ ಸ್ಕ್ರೂಡ್ರೈವರ್. ಆ ಕಡೆ ತಿರುಗಿಸಿದರೆ ಜಾಸ್ತಿ. ಮೇಸ್ತ್ರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ವಾರವಾರವೂ ಅವನು ಡಾಕ್ಟರಮ್ಮನಿಗೆ ಕೂಗಿ ಹೇಳಿದ ತೂಕವೆಲ್ಲ ಮಗಳೇ ತಿರುಗಿಸಿಟ್ಟದ್ದು. ಕಲಿಸಿದವನು ಅವನೇ.

“ಎತ್ತಿ ರೀ!” ಅಮ್ಮ ಕಿರುಚಿದಳು. “ನೋಡ್ತಾ ನಿಂತ್ರಲ್ಲ, ಎತ್ತಿ!”

ಅವನು ಬಗ್ಗಿ ಎರಡೂ ಕೈ ಹಾಕಿ ಎತ್ತಿದ. ಮಗಳ ಭಾರಕ್ಕೆಂದು ಬಿಗಿಮಾಡಿದ ತೋಳು ಅದು ಸಿಗದೆ ಒಮ್ಮೆಲೇ ಮೇಲಕ್ಕೆ ಹೋಯಿತು. ಅವನ ಬಾಯಿಂದ ಅಯ್ಯೋ ಎಂಬ ಸದ್ದು ಹೊರಟಿತು. ಐದು ವರ್ಷದ ಹಿಂದೆ ಇದೇ ಕೈಯಲ್ಲಿ ಇದೇ ಮಗಳನ್ನು ಎತ್ತಿದ್ದ. ಅವತ್ತಿನ ತೂಕವನ್ನು ಕೈ ಮರೆತಿರಲಿಲ್ಲ. ಹದಿನೇಳರ ಮಗಳು ಹನ್ನೆರಡರ ಮಗಳಿಗಿಂತ ಹಗುರಾಗಿದ್ದಳು.

ಬಾಗಿಲಾಚೆ ಅಜ್ಜಿ ನಿಂತಿದ್ದಳು. ಮಗನ ಮುಖ ನೋಡಿದಳು. ದಾರಿ ಬಿಡಲು ಗೋಡೆಗೆ ಒತ್ತಿಕೊಂಡಳು.

ಅವನು ಅಂಗಡಿ ದಾಟಿ ಬೀದಿಗೆ ಓಡಿದ. “ಗಾಡಿ! ಗಾಡಿ ತೆಗಿಯೋ!” ತರಕಾರಿಯವನು ಬುಟ್ಟಿಗಳನ್ನು ಬೀದಿಗೇ ಎಸೆದು ವ್ಯಾನು ಖಾಲಿ ಮಾಡಿದ. ಹುಡುಗಿಯ ಕಾಲು ನೋಡಿದವನೇ ಹತ್ತಿ ಕೂತು ಗಾಡಿ ಓಡಿಸಿದ. ಅಮ್ಮ ಮಗಳ ಪಾದ ತಿಕ್ಕುತ್ತಾ, “ಕಣ್ ಬಿಡು ಕಂದಾ, ಅಮ್ಮ ಬೈಯಲ್ಲ, ಯಾರೂ ಬೈಯಲ್ಲ,” ಎನ್ನುತ್ತಿದ್ದಳು.

ದಾರಿಯ ನಡುವೆ ಮಗಳು ಕಣ್ಣು ಬಿಟ್ಟಳು. ತಾನು ಅಪ್ಪನ ಕೈಯಲ್ಲಿದ್ದೇನೆ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಅಪ್ಪಾ, ಎತ್ಕೊಂಡಿದೀಯಾ?”

“ಹೂಂ ಮಗಳೇ. ತಪ್ಪಾಯ್ತು. ಮಾತು ಮುರಿದೆ.”

“ಎಷ್ಟಿದೀನಿ?”

ಜೀವ ತುಟಿಗೆ ಬಂದಿದೆ, ಇವಳು ಕೇಳುತ್ತಿರುವುದು ಇದನ್ನು. “ಮಾತಾಡ್ಬೇಡ, ಸುಸ್ತಾಗತ್ತೆ,” ಎಂದ.

“ನಿನ್ನ ಕೈಗೆ ಗೊತ್ತಾಗತ್ತಲ್ಲ. ಇಳಿದಿದೀನಾ?”

ಅವಳ ಒಣಗಿದ ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಗು ಇತ್ತು. ಬಚ್ಚಲುಮನೆಯಲ್ಲಿ ಅವಳು ಬಿದ್ದಿದ್ದನ್ನು ಕಂಡಾಗ ಆಗದಷ್ಟು ಭಯ ಅವನಿಗೆ ಆ ನಗು ಕಂಡು ಆಯಿತು. ಅವನು ಅವಳ ಮುಖವನ್ನು ಎದೆಗೆ ಒತ್ತಿಕೊಂಡ. “ಬೇಗ ಹೊಡಿಯೋ,” ಎಂದು ತರಕಾರಿಯವನಿಗೆ ಕೂಗಿದ. “ಇನ್ನೂ ಬೇಗ!”

ಆಸ್ಪತ್ರೆಯಲ್ಲಿ ಅವಳನ್ನು ಹಾಸಿಗೆಯ ಮೇಲೆ ಮಲಗಿಸಿದರು. ನರ್ಸ್ ಒಬ್ಬಳು ತೋಳಿನಲ್ಲಿ ರಕ್ತನಾಳ ಹುಡುಕುತ್ತಾ, ತಲೆಯೆತ್ತದೆ ಕೇಳಿದಳು: “ತೂಕ ಎಷ್ಟು? ಔಷಧಿ ಅಳತೆಗೆ ಬೇಕು. ಮನೇಲಿ ನೋಡಿದ್ರಾ?”

ಅಮ್ಮ ಗಂಡನ ಕಡೆ ನೋಡಿದಳು. ಮೇಸ್ತ್ರಿ ಬಾಗಿ ನರ್ಸಿನ ಕಿವಿಯಲ್ಲಿ ಪಿಸುಗುಟ್ಟಿದ. ನರ್ಸಿನ ಕೈ ಅಲ್ಲೇ ನಿಂತಿತು. ಅವಳು ಒಮ್ಮೆ ಅವನ ಮುಖ ನೋಡಿ, ಮತ್ತೆ ಹುಡುಗಿಯ ಮುಖ ನೋಡಿ, ಪರದೆಯಾಚೆ ತಿರುಗಿ, “ಡಾಕ್ಟ್ರೇ, ಬೇಗ ಬನ್ನಿ!” ಎಂದು ಕೂಗಿದಳು.

“ಕೇಳಿಸ್ಲಿಲ್ಲ,” ಎಂದಳು ಮಗಳು.

ಅವಳ ಕಣ್ಣು ಪೂರ್ತಿ ತೆರೆದಿತ್ತು. ಅಪ್ಪನ ಅಂಗಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದಳು.

“ಮೊದ್ಲೆಲ್ಲ ಬೀದಿಗೇ ಕೇಳೋ ಹಾಗೆ ಹೇಳ್ತಿದ್ದೆ. ಈಗ ಜೋರಾಗಿ ಹೇಳಪ್ಪಾ.”

ಅಪ್ಪ ಬಾಯಿ ತೆರೆದ. ಅವಳು ಅವನ ತುಟಿಯನ್ನೇ ನೋಡುತ್ತಾ ಕಾಯುತ್ತಿದ್ದಳು.